ರಹಿಮಾನನಿಗೊಂದು ಜಪಾನಿ ಪದ್ಯ

ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನ ಹಿಂದೆ ಸುಧಾಕರನ ಮೈಕ್‌ಸೆಟ್ ಅಂಗಡಿ. 2002ರ ಜೂನ್ ಕೊನೆಗೆ ಆ ಅಂಗಡಿಯ ವಿಳಾಸಕ್ಕೆ ಜಪಾನಿನಿಂದ ಒಂದು ಕಾಗದ ಬಂತು. ಬರೆದವರು ಮೊರಿತಾ. ಅಬುಧಾಬಿಯ ಗ್ಯಾಸ್ ಪ್ಲಾಂಟಿನಲ್ಲಿ ಸುಧಾಕರ, ಅಬ್ದುಲ್ ರಹಿಮಾನ್, ಚನಿಯಪ್ಪ ಮೂವರೂ ಒಂಬತ್ತು ವರ್ಷ ಅವರ ಕೈಕೆಳಗೆ ದುಡಿದಿದ್ದರು. ಈಗ ನಿವೃತ್ತರಾಗಿದ್ದ ಮೊರಿತಾ ಡಿಸೆಂಬರಿನಲ್ಲಿ ಹೆಂಡತಿಯನ್ನು ಕರೆದುಕೊಂಡು ಮೂಡಬಿದಿರೆಯ ಸಾವಿರ ಕಂಬದ ಬಸದಿ ನೋಡಲು ಬರುವವರಿದ್ದರು. ಶುಕ್ರವಾರದ ಪದ್ಯಗಳನ್ನು ಮರೆತಿಲ್ಲ ತಾನೆ ಎಂದು ಕೊನೆಯಲ್ಲಿ ಕೇಳಿದ್ದರು.

ಶುಕ್ರವಾರ ಪ್ಲಾಂಟಿಗೆ ರಜೆ. ಮಧ್ಯಾಹ್ನದ ಊಟ ಮುಗಿದ ಮೇಲೆ ಮೆಸ್ಸಿನಲ್ಲಿ ಕರೋಕೆ ಯಂತ್ರ ಹಚ್ಚುತ್ತಿದ್ದರು. ವಾದ್ಯ ಯಂತ್ರದ್ದು, ಸ್ವರ ಹಾಡುವವನದ್ದು. ಅದನ್ನು ನೋಡಿಕೊಳ್ಳುವ ಕೆಲಸ ಸುಧಾಕರನದಾಗಿತ್ತು. ಜಪಾನಿ ಇಂಜಿನಿಯರುಗಳೆಲ್ಲ ನಲವತ್ತೈದು ದಾಟಿದವರು. ಕಾಲೇಜು ದಿನಗಳ ಪದ್ಯವನ್ನೇ ಹಾಡಬೇಕೆಂಬ ಆಸೆ, ಆದರೆ ಸ್ವರ ಮೇಲೆ ಏರದೆ ನಾಚಿಕೊಂಡು ಕೂತುಬಿಡುತ್ತಿದ್ದರು. ಸುಧಾಕರನಿಗೆ ಅವರ ಭಾಷೆ ಬಾರದಿದ್ದರೂ ಯಾರ ಗಂಟಲು ಎಲ್ಲಿ ಸೋಲುತ್ತದೆಂಬುದು ಎರಡೇ ವಾರದಲ್ಲಿ ತಿಳಿದುಹೋಯಿತು. ಸಿಗರೇಟು ಸೇದುವವರಿಗೆ ನಿಧಾನದ್ದು, ಉಸಿರು ಸಾಲದವರಿಗೆ ಚಿಕ್ಕ ಚಿಕ್ಕ ಸಾಲಿನದ್ದು ಎಂದು ಅವನೇ ಆರಿಸಿ ಕೊಡತೊಡಗಿದ. "ಈ ವಯಸ್ಸಿಗೆ ಮನಸ್ಸು ಕೇಳಿದ ಪದ್ಯ ಅಲ್ಲ, ಗಂಟಲು ಒಪ್ಪಿದ ಪದ್ಯ," ಎಂದು ಮೊರಿತಾ ಅವನ ಬೆನ್ನು ತಟ್ಟಿದ್ದರು.

ಆರಿಸುವ ಅಗತ್ಯವಿಲ್ಲದ ಗಂಟಲು ಅಲ್ಲಿ ಒಂದೇ ಇತ್ತು, ರಹಿಮಾನನದ್ದು. ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಅವನು ಯಾವುದನ್ನು ಬೇಕಾದರೂ ಹಾಡುತ್ತಿದ್ದ. 'ಸೇತುವೆ ಪದ್ಯ' ಎಂದು ಅವರು ಕರೆಯುತ್ತಿದ್ದ ಒಂದು ಹಾಡಿತ್ತು. ಸಂಜೆಯ ಹೊತ್ತು ಸೇತುವೆಯ ಮೇಲೆ ಕಾಯುವ ಗಂಡಸೊಬ್ಬ ಕೊನೆಯಲ್ಲಿ ಹುಡುಗಿಯ ಹೆಸರನ್ನು ಎತ್ತರದಲ್ಲಿ ಒಮ್ಮೆ ಕೂಗುತ್ತಾನೆ. ರಹಿಮಾನ್ ಆ ಕೂಗು ಹಾಕಿದರೆ ಅಡುಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬರುತ್ತಿದ್ದರು.

ಊರಿಗೆ ಬಂದು ಆರು ವರ್ಷವಾಗಿತ್ತು. ರಹಿಮಾನ್ ಮೆಲ್ಕಾರಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ, ಚನಿಯಪ್ಪ ಬೆಳ್ತಂಗಡಿಯಲ್ಲಿ ಜೀಪು ಓಡಿಸುತ್ತಿದ್ದ. ಕಾಗದ ಬಂದದ್ದೇ ಮೂವರೂ ಮಕ್ಕಳಂತಾದರು. ಪ್ರತಿ ಶುಕ್ರವಾರ ಜುಮಾ ನಮಾಜು ಮುಗಿಸಿ ರಹಿಮಾನ್, ಬೆಳ್ತಂಗಡಿಯ ಬಸ್ಸು ಹಿಡಿದು ಚನಿಯಪ್ಪ, ಸುಧಾಕರನ ಅಂಗಡಿಯ ಹಿಂದಿನ ಕೋಣೆಗೆ ಬರತೊಡಗಿದರು. ಕೆಲಸ ಬಿಟ್ಟು ಬರುವಾಗ ಮೊರಿತಾ ಕೊಟ್ಟ ಕ್ಯಾಸೆಟ್ ಕರೋಕೆ ಯಂತ್ರ ಅಲ್ಲಿತ್ತು. ಅದರ ಒಂದು ಗುಂಡಿ ತಿರುಗಿಸಿದರೆ ಶ್ರುತಿ ಏರುತ್ತಿತ್ತು, ಇಳಿಯುತ್ತಿತ್ತು.

ಜುಲೈ ಹನ್ನೆರಡರಂದು ಸೇತುವೆ ಪದ್ಯದ ಕೂಗಿನಲ್ಲಿ ರಹಿಮಾನನ ಸ್ವರ ಒಡೆಯಿತು.

"ಶೀತ ಮಾರಾಯ," ಎಂದು ಅವನು ನಕ್ಕ. "ಮಳೆಗಾಲ ಅಲ್ವಾ."

ಸುಧಾಕರ ಶ್ರುತಿಯನ್ನು ಒಂದು ಮನೆ ಇಳಿಸಿದ. ಯಾರಿಗೆ ಯಾವ ಪದ್ಯ, ಎಷ್ಟು ಶ್ರುತಿ ಎಂದು ತಾರೀಕು ಹಾಕಿ ಬರೆದಿಡುವುದು ಅವನ ಹಳೆಯ ಅಭ್ಯಾಸ. ಹಾಗೆಯೇ ಬರೆದ. ಆಗಸ್ಟಿನಲ್ಲಿ ಇನ್ನೆರಡು ಮನೆ ಇಳಿಸಬೇಕಾಯಿತು. ರಹಿಮಾನ್ ಕಾಳುಮೆಣಸಿನ ಕಷಾಯವನ್ನು ಫ್ಲಾಸ್ಕಿನಲ್ಲಿ ತರತೊಡಗಿದ. ಚಾ ಕುಡಿದರೆ ನೆತ್ತಿಗೆ ಹತ್ತುತ್ತಿತ್ತು.

"ನಿನಗೆ ಮನಸ್ಸಿಲ್ಲ," ಎಂದು ಒಂದು ದಿನ ಸುಧಾಕರ ರೇಗಿದ. "ಚನಿಯಪ್ಪ ಅಷ್ಟು ದೂರದಿಂದ ಬಂದು ಸರಿಯಾಗಿ ಹಾಡ್ತಾನೆ. ನೀನು ಇಲ್ಲೇ ಇದ್ದು ಹೀಗೆ ಮಾಡಿದರೆ ಹೇಗೆ?"

"ಹೋಗಲಿ ಸುಧಾಕರಣ್ಣ, ಬೇರೆ ಯಾವುದಾದರೂ ಕೊಡುವ," ಎಂದ ಚನಿಯಪ್ಪ.

ಸುಧಾಕರ ಮೂರು ದಿನ ಕೂತು ಕ್ಯಾಸೆಟ್‌ಗಳನ್ನು ತಿರುವಿಹಾಕಿ, ಮಾತಾಡಿದಂತೆಯೇ ಹಾಡಿ ಮುಗಿಸಬಹುದಾದ ತಗ್ಗು ಸ್ವರದ ಪದ್ಯವೊಂದನ್ನು ಹುಡುಕಿ ತೆಗೆದ. ರಹಿಮಾನನ ಒರಟು ಗಂಟಲಿಗೆ ಅದು ಹೇಳಿ ಮಾಡಿಸಿದಂತಿತ್ತು. ತನ್ನ ಕಿವಿಯ ಬಗ್ಗೆ ಅವನಿಗೆ ಅಂದು ಬಹಳ ಹೆಮ್ಮೆಯಾಯಿತು.

ಅಕ್ಟೋಬರಿನ ಮೊದಲ ಶುಕ್ರವಾರ ರಹಿಮಾನ್ ಬರಲಿಲ್ಲ. ಅವನ ಹೆಂಡತಿ ಸೌದಾ ಫೋನು ಮಾಡಿದಳು. ನಮಾಜಿಗೆಂದು ಬಾಯಿ ಮುಕ್ಕಳಿಸುವಾಗ ರಕ್ತ ಬಂದಿತ್ತು.

ಮಂಗಳೂರಿನ ಆಸ್ಪತ್ರೆಗೆ ಸುಧಾಕರನೂ ಜೊತೆಗೆ ಹೋದ. ಪರೀಕ್ಷೆಗಳೆಲ್ಲ ಆದ ಮೇಲೆ ಡಾಕ್ಟರರು ಅವರನ್ನು ಒಳಗೆ ಕರೆದು ಕೂರಿಸಿದರು.

"ಸ್ವರ ಕೆಟ್ಟು ಎಷ್ಟು ಸಮಯ ಆಯ್ತು?"

"ಒಂದು ತಿಂಗಳು ಆಗಿರಬಹುದು," ಎಂದಳು ಸೌದಾ. "ಮನೆಯಲ್ಲಿ ಇವರು ಮಾತಾಡುವುದೇ ಕಡಿಮೆ."

"ಜುಲೈ ಹನ್ನೆರಡರಿಂದ," ಎಂದ ಸುಧಾಕರ. ಹೇಳಿದ ಮೇಲೆ ತನ್ನ ಸ್ವರ ತನಗೇ ಬೇರೆಯವರದ್ದೆನಿಸಿತು.

ಡಾಕ್ಟರರು ಬೈಯಲಿಲ್ಲ. ಗಂಟಲಿನ ಕ್ಯಾನ್ಸರು, ಆಗಲೇ ಬಂದಿದ್ದರೆ ರೇಡಿಯೇಶನ್ನಿನ ಕರೆಂಟ್ ಕೊಟ್ಟು ಗುಣಮಾಡಲು ನೋಡಬಹುದಿತ್ತು, ಈಗ ಗಂಟಲಿನ ಸ್ವರದ ಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತು ಬರುವುದಿಲ್ಲ ಎಂದರು. ರಹಿಮಾನ್ ತಲೆಯಾಡಿಸಿದ. ಹೊರಗೆ ವರಾಂಡದಲ್ಲಿ ಸೌದಾ ಸುಧಾಕರನ ಎದುರು ಬಂದು ನಿಂತಳು.

"ಆವತ್ತೇ ನಿಮಗೆ ಗೊತ್ತಾಗಿತ್ತಾ ಅಣ್ಣಾ?"

"ಸ್ವರ ಬಿದ್ದದ್ದು ಗೊತ್ತಾಗಿತ್ತು. ಅದಕ್ಕೇ ಪದ್ಯ ಬದಲಿಸಿದೆ."

"ಪದ್ಯ ಬದಲಿಸಿದಿರಿ," ಎಂದಳು ಅವಳು. ಮತ್ತೆ ಅವನೊಡನೆ ಮಾತಾಡಲಿಲ್ಲ. ಅಂದಷ್ಟೇ ಅಲ್ಲ, ಆಮೇಲೂ.

ಶಸ್ತ್ರಕ್ರಿಯೆಯಾಗಿ ರಹಿಮಾನ್ ಮನೆಗೆ ಬಂದಾಗ ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು, ಕೈಯಲ್ಲಿ ಮಗಳು ಹಫ್ಸಳ ಹಳೆಯ ಸ್ಲೇಟು. ಸುಧಾಕರ ಅವನ ಮಂಚದ ಬಳಿ ಕೂತು, ತಪ್ಪು ತನ್ನದೆಂದು ಹೇಳಲು ಹೊರಟ. ರಹಿಮಾನ್ ಕೈಯೆತ್ತಿ ತಡೆದು ಬರೆದ: 'ನನಗೂ ಸಂಶಯ ಇತ್ತು. ಮೊರಿತಾ ಬಂದು ಹೋಗಲಿ ಅಂತ ಸುಮ್ಮನಿದ್ದೆ.' ಸುಧಾಕರ ಓದುವಷ್ಟರಲ್ಲಿ ಅಂಗೈಯಿಂದ ಒರೆಸಿಬಿಟ್ಟ, ಸೌದಾ ಬರುವ ಸದ್ದಾಗಿತ್ತು. ಅದರಿಂದ ಸುಧಾಕರನ ಎದೆ ಹಗುರಾಗಲಿಲ್ಲ. ಬೇರೆಯವರಿಗೆ ಹೇಳಲಾಗದ್ದು ಇನ್ನೊಂದು ಸೇರಿಕೊಂಡಿತು, ಅಷ್ಟೇ.

ರಮ್ಜಾನ್ ಹಬ್ಬ ಕಳೆದು ಒಂದು ವಾರಕ್ಕೆ ಮೊರಿತಾ ದಂಪತಿ ಬಂದರು. ಪದ್ಯ ಬೇಡ, ಊಟ ಕೊಟ್ಟು ಕಳಿಸುವ ಎಂದು ಸುಧಾಕರ ಹೇಳಿದರೆ ರಹಿಮಾನ್ ಒಪ್ಪಲಿಲ್ಲ. ಮೂಡಬಿದಿರೆಯ ಲಾಡ್ಜೊಂದರ ಮೇಲಿನ ಹಾಲಿನಲ್ಲಿ, ಹಗಲು ಮೂರು ಗಂಟೆಗೆ, ಯಂತ್ರ ಇಟ್ಟರು. ಕುತ್ತಿಗೆಗೆ ಮಫ್ಲರ್ ಸುತ್ತಿ ರಹಿಮಾನ್ ಮುಂದಿನ ಕುರ್ಚಿಯಲ್ಲಿ ಕೂತ. ವಿಷಯ ತಿಳಿದ ಮೊರಿತಾ ಅವನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಗ್ಗಿ ನಿಂತಿದ್ದರು. ಚನಿಯಪ್ಪ ತನ್ನದನ್ನು ಹಾಡಿದ. ಸುಧಾಕರ ಹಾಡಲಿಲ್ಲ, ಅವನಿಂದಾಗಲಿಲ್ಲ.

ಆಮೇಲೆ ಮೊರಿತಾ ಪದ್ಯದ ಪುಸ್ತಕವನ್ನು ರಹಿಮಾನನ ಮುಂದೆ ಹಿಡಿದರು. ನನಗೆ ನೀನೇ ಆರಿಸಿಕೊಡು ಎಂದರು. ರಹಿಮಾನ್ ಪುಟ ಮಗುಚಿ ಸೇತುವೆ ಪದ್ಯದ ಮೇಲೆ ಬೆರಳಿಟ್ಟ.

ಅರವತ್ತೈದರ ಆ ಮನುಷ್ಯನಿಗೆ ಅದು ಆಗುವಂಥದ್ದಲ್ಲ. ಎರಡನೇ ಚರಣಕ್ಕೇ ಏದುಸಿರು ಬಂತು. ಕೂಗು ಹತ್ತಿರವಾದಂತೆ ಸುಧಾಕರನ ಕೈ ತಾನಾಗಿ ಶ್ರುತಿಯ ಗುಂಡಿಯ ಕಡೆ ಹೋಯಿತು. ರಹಿಮಾನ್ ಎದ್ದು ಬಂದು ಅವನ ಮಣಿಕಟ್ಟು ಹಿಡಿದ. ಬಿಗಿಯಾಗಿಯೇ ಹಿಡಿದ. ಮೊರಿತಾರ ಸ್ವರ ಏರಿತು, ಒಡೆಯಿತು, ಒಡೆದುಕೊಂಡೇ ಕೊನೆ ಮುಟ್ಟಿತು. ಅವರ ಹೆಂಡತಿ ಮುಖ ಮುಚ್ಚಿಕೊಂಡರು. ರಹಿಮಾನನ ಬಾಯಿ ಆ ಹೆಸರಿನ ಆಕಾರದಲ್ಲೇ ತೆರೆದಿತ್ತು. ಮಫ್ಲರಿನೊಳಗಿಂದ ಬರಿಯ ಗಾಳಿ ಬರುತ್ತಿತ್ತು.

ರಹಿಮಾನ್ ಮತ್ತೆ ಹದಿನೈದು ತಿಂಗಳು ಬದುಕಿದ. ಪ್ರತಿ ಶುಕ್ರವಾರ ಸುಧಾಕರ ಮೆಲ್ಕಾರಿಗೆ ಹೋಗಿ ಅವನ ಪಕ್ಕ ಕೂತು ಟಿ.ವಿ. ನೋಡಿ ಬರುತ್ತಿದ್ದ. ಸೌದಾ ಚಾ ತಂದು ಸ್ಟೂಲಿನ ಮೇಲಿಟ್ಟು ಒಳಗೆ ಹೋಗುತ್ತಿದ್ದಳು. 2004ರ ಮಾರ್ಚಿನಲ್ಲಿ ಅವನು ತೀರಿಕೊಂಡ. ದಫನ ಮುಗಿಸಿ ಮನೆಗೆ ಬಂದ ಜನ ಚದುರುವಾಗ ಸುಧಾಕರನೂ ಚನಿಯಪ್ಪನೂ ಹೊರಟರು. ಹಫ್ಸ ಓಡಿ ಬಂದಳು.

"ಸುಧಾಕರ ಮಾಮ, ಉಮ್ಮ ಕರೀತಾರೆ."

ಸೌದಾ ಇದ್ದತ್‌ಗೆ ಕೂತಿದ್ದಳು, ಗಂಡ ತೀರಿದ ಹೆಂಗಸು ಹೊರಗಿನ ಗಂಡಸರ ಎದುರು ಬರುವಂತಿಲ್ಲ. ಬಾಗಿಲ ಪರದೆಯ ಆಚೆಯಿಂದಲೇ ಕೇಳಿದಳು:

"ಅಣ್ಣಾ, ಅವರ ಸ್ವರ ನಿಮ್ಮಲ್ಲಿ ಉಂಟಾ?"

ಉಂಟು. ಶ್ರುತಿ ಸರಿಯಿದೆಯೇ ಎಂದು ಕೇಳಿ ನೋಡಲು ಅಭ್ಯಾಸದ ದಿನಗಳಲ್ಲಿ ಅವನು ಕ್ಯಾಸೆಟ್ಟಿನಲ್ಲಿ ತುಂಬಿಸಿಟ್ಟಿದ್ದ.

"ಉಂಟು. ಆದರೆ ಅದು ಗಂಟಲು ಕೆಟ್ಟ ಮೇಲಿನದ್ದು, ಸೌದಾ. ಒಡೆದದ್ದು. ಒಳ್ಳೆಯದು ಒಂದೂ ಇಲ್ಲ."

"ಅದೇ ಕೊಡಿ," ಎಂದಳು.

ಮರುದಿನ ಬೆಳಿಗ್ಗೆ ಅವನು ಕ್ಯಾಸೆಟ್ಟನ್ನು ಹಫ್ಸಳ ಕೈಯಲ್ಲಿ ಕೊಟ್ಟು, ಒಳಗಿಂದ ಬಂದ ಚಾ ಕುಡಿದು, ಅಂಗಡಿಗೆ ಹೋದ.