ಮೂರನೇ ಲಾಂಚ್

ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ವಿಡಿಯೋ ಗೇಮಿನ ಕಂಟ್ರೋಲರಿನ ಬಲಹಿಡಿಗೆ ಬಿಗಿಯಾಗಿ ಸುತ್ತಿದೆ. ತುದಿಯನ್ನು ಒಳಗೆ ಸಿಕ್ಕಿಸಿ ಉಗುರಿನಿಂದ ಒತ್ತಿ ನೋಡಿದೆ. ಜಾರಲಿಲ್ಲ. ಅಣ್ಣ ಮಂಚದ ಅಂಚಿನಲ್ಲಿ ಕೂತು ನೋಡುತ್ತಿದ್ದ. ಅವನು ಸುತ್ತಿಕೊಡು ಎಂದಿರಲಿಲ್ಲ, ನಾನೂ ಯಾಕೆಂದು ಹೇಳಲಿಲ್ಲ. ಕೈಗೆ ಕೊಟ್ಟೆ. ಹಿಡಿದು ನೋಡಿ ತಲೆಯಾಡಿಸಿದ.

ಭಾನುವಾರ ಬೆಳಿಗ್ಗೆ ಅಮ್ಮ ಛತ್ರದ ಅಡುಗೆಗೆ ಹೋದ ಮೇಲೆ ಸಾಗರದ ನಮ್ಮ ಬಾಡಿಗೆ ಮನೆಯಲ್ಲಿ ಬೇಟೆ ಶುರುವಾಗುತ್ತದೆ. ತೀರ್ಥಹಳ್ಳಿಯಿಂದ ಸಂದೇಶ, ಹೊಸನಗರದ ಕಡೆ ನಿಟ್ಟೂರಿನಿಂದ ಶ್ರೀಶ, ಇಲ್ಲಿಂದ ನನ್ನಣ್ಣ ಮಯೂರ. ಮೂವರೂ ಐಟಿಐಯಲ್ಲಿ ಒಟ್ಟಿಗೆ ಓದಿದವರು. ಅವರವರ ಮನೆಯಿಂದಲೇ ನೆಟ್ಟಿನಲ್ಲಿ ಸೇರಿ, ಟೀವಿಯೊಳಗಿನ ಕಾಡಿಗೆ ಇಳಿದು ಮನೆಯಷ್ಟು ದೊಡ್ಡ ಮೃಗವನ್ನು ಹೊಡೆಯುತ್ತಾರೆ. ಬಿದ್ದವನನ್ನು ಬೆಕ್ಕುಗಳು ಗಾಡಿಯಲ್ಲಿ ಹಾಕಿಕೊಂಡು ಡೇರೆಗೆ ಎಳೆದೊಯ್ಯುತ್ತವೆ. ಇವರು ಅದಕ್ಕೆ ‘ಲಾಂಚ್ ಹತ್ತೋದು’ ಎನ್ನುತ್ತಾರೆ. ಓದುವಾಗ ಮೂವರೂ ಸಿಗಂದೂರಿಗೆ ಹೋದಾಗ, ಹಿನ್ನೀರು ದಾಟಿಸುವ ಲಾಂಚಿನಲ್ಲಿ ಶ್ರೀಶ ತಲೆಸುತ್ತಿ ಬಿದ್ದನಂತೆ, ಉಳಿದಿಬ್ಬರೂ ಅವನನ್ನು ಆಚೆ ದಡಕ್ಕೆ ಹೊತ್ತು ಇಳಿಸಿದ್ದರಂತೆ. ಅವತ್ತಿನಿಂದ ಬಂದ ಮಾತು. ಯಾರೇ ಬೀಳಲಿ, ಒಟ್ಟು ಮೂರು ಸಲ ಲಾಂಚ್ ಹತ್ತಿದರೆ ಬೇಟೆ ಮುಗಿಯಿತು, ಎಲ್ಲರಿಗೂ ಬರಿಗೈ.

ಅಣ್ಣ ಮೊಬೈಲ್ ರಿಪೇರಿ ಮಾಡುತ್ತಿದ್ದ. ಕೂದಲಿನಷ್ಟು ಸಣ್ಣ ತಂತಿಗೆ ಬೆಸುಗೆ ಹಾಕುವ ಕೈ ಅದು. ಮೊದಲು ಸ್ಕ್ರೂ ಜಾರತೊಡಗಿತು, ಆಮೇಲೆ ಊಟದ ತುತ್ತು. ಈಗ ಹೆಬ್ಬೆರಳಿನ ಬುಡದಲ್ಲಿ ಮಾಂಸವೇ ಇಲ್ಲ, ಒಂದು ಗುಳಿ ಬಿದ್ದಿದೆ. ನರದ ಕಾಯಿಲೆ, ತೋಳಿಗೂ ಏರುತ್ತದೆ, ಔಷಧಿ ಇಲ್ಲ ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿದರು. ಅಂಗಡಿ ಮುಚ್ಚಿದ. ಬೀದಿಗೆ ಹೋಗುವುದನ್ನೂ ಬಿಟ್ಟ. ವಾರವಿಡೀ ಗೋಡೆ ನೋಡಿಕೊಂಡಿರುವವನು ಭಾನುವಾರ ಮಾತ್ರ ಸ್ನಾನ ಮಾಡಿ ತಲೆ ಬಾಚುತ್ತಾನೆ. ಗೆಳೆಯರಿಗೆ ಇದು ಯಾವುದೂ ಗೊತ್ತಿಲ್ಲ.

“ಅವರಿಗೆ ಹೇಳಿದ್ಯೋ, ನಂಗೆ ಈ ಒಂದು ದಿನಾನೂ ಇರಲ್ಲ,” ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾನೆ.

ನನಗೆ ಆಣೆಯೇ ಬೇಕಿರಲಿಲ್ಲ. ಎದ್ದು ನಿಂತು ಉತ್ತರ ಹೇಳಲಾಗದೆ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಅವನ ಪಕ್ಕ ಕೂತು ನೋಡುವುದಷ್ಟೇ ನನ್ನ ಕೆಲಸ. ಸಂದೇಶಣ್ಣ ನನ್ನನ್ನು ‘ಮೌನಗೌರಿ’ ಎಂದು ಕರೆಯುತ್ತಾನೆ.

ಅದೇ ಬೇಟೆಯ ಹೊಸ ಗೇಮು ಬಂದಾಗ ನನಗೆ ದೇವರೇ ಕಳಿಸಿದಂತಾಗಿತ್ತು. ಅದರಲ್ಲಿ ಒಂದು ಹಕ್ಕಿ ಬೇಟೆಗಾರನನ್ನು ಹೊತ್ತು ತಾನಾಗಿಯೇ ಮೃಗದ ಹತ್ತಿರ ಓಡುತ್ತದೆ. ನಡೆಯುತ್ತಲೇ ಮದ್ದು ಕುಡಿಯಬಹುದು. ಪೆಟ್ಟು ತಿಂದು ಕುಸಿದರೆ, ಗಾಡಿಗೆ ಹಾಕುವ ಮೊದಲೇ ಬೆಕ್ಕು ಬಂದು ಎಬ್ಬಿಸುತ್ತದೆ. ಅಣ್ಣನ ಬೆರಳಿಗೆ ಅಷ್ಟು ಮಾತ್ರ ಸಾಧ್ಯವಿತ್ತು. ಆದರೆ ಬಾಯಿ ಸುಮ್ಮನಿರಲಿಲ್ಲ.

“ಥೂ, ಇದೂ ಒಂದು ಬೇಟೆಯಾ? ಅಂಗನವಾಡಿ ಮಕ್ಕಳಿಗೆ ಮಾಡಿದಾರೆ,” ಎನ್ನುತ್ತಿದ್ದ. ಅವನು ಸುಲಭ ಎಂದಾಗಲೆಲ್ಲ ನಾನು ಅವನ ಹೆಬ್ಬೆರಳು ನೋಡುತ್ತಿದ್ದೆ. ಬೆರಳು ಸೋತಷ್ಟೂ ಬೈಗುಳ ಜೋರಾಗುತ್ತಿತ್ತು.

ಆ ಮಾತನ್ನು ಸಂದೇಶಣ್ಣ ನಿಜವೆಂದೇ ನಂಬಿದ್ದ.

“ಮಯೂರ ಹೇಳಿದ್ದು ಸರಿ ಕಣ್ರೋ,” ಇವತ್ತು ಟೀವಿಯಿಂದ ಅವನ ದನಿ ಬಂತು. “ಹಳೇದಕ್ಕೇ ವಾಪಸ್ ಹೋಗೋಣ. ಇದ್ರಲ್ಲಿ ಮೃಗ ನೋಡಿದ್ರೇ ಪಾಪ ಅನ್ಸುತ್ತೆ.”

“ಸುಲಭ ಇದ್ರೆ ನಿಂಗೆಂಥ ಕಷ್ಟ ಮಾರಾಯ?” ಎಂದ ಶ್ರೀಶಣ್ಣ. “ವಾರವೆಲ್ಲ ದುಡಿದು ಇಲ್ಲೂ ಸಾಯ್ಬೇಕಾ?”

“ಈಗ ಸೇತುವೆ ಆಗಿದೆ ಅಂತ ಕಾರಲ್ಲಿ ಹೋಗಿ ಸಿಗಂದೂರಮ್ಮಂಗೆ ಕೈ ಮುಗಿಯೋ ಗಿರಾಕಿ ನೀನು. ಲಾಂಚಿಗೆ ಬಿಸಿಲಲ್ಲಿ ಕಾದು ಹೋದೋರ್ದು ಭಕ್ತಿ.”

“ಅಮ್ಮ ಅವಳೇ ಅಲ್ವನಾ? ಕಾರಲ್ಲಿ ಬಂದ್ರೆ ಮುಖ ತಿರುಗಿಸ್ತಾಳಾ?”

ಶ್ರೀಶಣ್ಣನ ಮನೆಯಲ್ಲಿ ಅವನ ತಾಯಿ ಕೂಗಿದ್ದು ಕೇಳಿಸಿತು. “ಬತ್ತೆ ಆಯಿ, ಬತ್ತೆ!” ಎಂದು ಅವನು ಅತ್ತ ತಿರುಗಿ ಹೇಳಿದ.

“ನೀನ್ ಹೇಳು ಮಯೂರ. ನಿನ್ ಮಾತೇ ಕೊನೆ,” ಎಂದ ಸಂದೇಶಣ್ಣ.

ನಾನು ಅಣ್ಣನ ಅಂಗಿಯ ತುದಿ ಹಿಡಿದೆ. ಹೊಸದೇ ಇರಲಿ ಅನ್ನು, ಒಂದು ಸುಳ್ಳು ಹೇಳು, ಕಣ್ಣುನೋವು ಅನ್ನು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವನು ನನ್ನ ಕಡೆ ನೋಡಲಿಲ್ಲ.

“ಹಳೇದೇ ಆಗ್ಲಿ. ಯಾರಿಗೆ ಹೆದರಿಕೆ?” ಎಂದ.

ಹಳೆಯದರಲ್ಲಿ ಹಕ್ಕಿಯಿಲ್ಲ. ಮೃಗ ಬಾಲ ಬೀಸಿದ ಕ್ಷಣದಲ್ಲೇ ಗುಂಡಿ ಒತ್ತಿ ಉರುಳಬೇಕು. ಅಣ್ಣನ ಹೆಬ್ಬೆರಳು ಗುಂಡಿ ತಲುಪುವಷ್ಟರಲ್ಲಿ ಬಾಲ ಬಂದು ಬಡಿದಿರುತ್ತಿತ್ತು. ಮೊದಲ ಲಾಂಚ್ ಅವನೇ ಹತ್ತಿದ. ಗೆಳೆಯರು ನಕ್ಕರು, ಇವನೂ ನಕ್ಕ. ಎರಡನೆಯದನ್ನೂ ಅವನೇ ಹತ್ತಿದ. ಈ ಸಲ ಶ್ರೀಶಣ್ಣ ನಗಲಿಲ್ಲ. ಟ್ಯೂಬಿನ ಮೇಲೆ ಬೆವರು ಇಳಿಯುತ್ತಿತ್ತು. ಅಣ್ಣನ ಬೆರಳುಗಳು ಕೊಕ್ಕೆಯ ಹಾಗೆ ಮಡಚಿಕೊಂಡು ಬಿಚ್ಚಲೊಲ್ಲದೆ ನಿಂತವು. ಮೃಗ ಅವನ ಮೇಲೇ ಓಡಿ ಬರುತ್ತಿತ್ತು.

ಅವನು ಮೈಕನ್ನು ಗಲ್ಲದಿಂದ ದೂರ ಸರಿಸಿ, ಇಷ್ಟು ದಿನದಲ್ಲಿ ಮೊದಲ ಸಲ ನನ್ನನ್ನು ಕೇಳಿದ. “ವಿಭಾ, ಒತ್ತೇ. ಒತ್ತು!”

ಒತ್ತಿದೆ. ಹೊಸದರಲ್ಲಿ ಉರುಳಲು ಅವನು ಒತ್ತುತ್ತಿದ್ದ ಗುಂಡಿಯನ್ನೇ ಒತ್ತಿದೆ. ಹಳೆಯದರಲ್ಲಿ ಅವನು ಆ ಗುಂಡಿಗೆ ಮದ್ದು ಇಟ್ಟುಕೊಂಡಿದ್ದ. ಬೇಟೆಗಾರ ನಿಂತಲ್ಲೇ ಗಟಗಟನೆ ಮದ್ದು ಕುಡಿದ. ಹಳೆಯದರಲ್ಲಿ ಕುಡಿದಾದ ಮೇಲೆ ಎರಡೂ ತೋಳು ಮಡಚಿ, ಮಾಂಸಖಂಡ ಉಬ್ಬಿಸಿ ತೋರಿಸುತ್ತಾನೆ. ಹಾಗೆ ತೋರಿಸುತ್ತಿರುವಾಗಲೇ ಮೃಗ ಅವನನ್ನು ತುಳಿದುಹೋಯಿತು.

“ಅಯ್ಯೋ ಪೈಲ್ವಾನಾ!” ಸಂದೇಶಣ್ಣ ಹೊಟ್ಟೆ ಹಿಡಿದು ನಗುತ್ತಿದ್ದ. “ತೋಳು ತೋರಿಸ್ತಾ ತೋರಿಸ್ತಾನೇ ಹೋದ! ಮೂರೂ ಲಾಂಚು ನಿಂದೇ ಮಾರಾಯ. ಟಿಕೆಟ್ ಕೊಡೋ ಕೆಲಸಕ್ಕೇ ಸೇರ್ಕೋ.”

ಅಣ್ಣ ಟೀವಿಯನ್ನು ನೋಡುತ್ತಲೇ ಇದ್ದ. ಬೆಕ್ಕುಗಳು ಅವನನ್ನು ಎಳೆದೊಯ್ಯುತ್ತಿದ್ದವು.

“ನೆಟ್ ಸರಿ ಇಲ್ಲ ಕಣೋ,” ಎಂದ. ದನಿ ಸರಿಯಾಗಿಯೇ ಇತ್ತು. “ತಡಿ, ಮುಖ ತೊಳ್ಕೊಂಡು ಬರ್ತೀನಿ.”

ಮೈಕು ತೆಗೆದು, ಕಂಟ್ರೋಲರಿನ ಜೊತೆ ಹಾಸಿಗೆಯ ಮೇಲೆ ಇಟ್ಟ. ಆಮೇಲೆ ಕಂಟ್ರೋಲರನ್ನು ಮತ್ತೆ ಎತ್ತಿ ಟ್ಯೂಬಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಎಳೆದು ಬಿಚ್ಚಿದ. ಪೂರ್ತಿ ಬಿಚ್ಚಿ, ನನ್ನ ಮಡಿಲಿಗೆ ಹಾಕಿ, ಬಚ್ಚಲಿಗೆ ಹೋದ. ನಲ್ಲಿ ಬಿಟ್ಟ ಸದ್ದಾಯಿತು.

ಅವನು ಇನ್ನು ಆಡುವುದಿಲ್ಲ ಎಂದು ನನಗೆ ಗೊತ್ತಾಯಿತು. ಮುಂದಿನ ಭಾನುವಾರ ಅವನು ತಲೆ ಬಾಚುವುದಿಲ್ಲ.

“ಮುಂದಿನ ವಾರಾನೂ ಹಳೇದೇ ಕಣ್ರೋ,” ಟೀವಿಯಲ್ಲಿ ಸಂದೇಶಣ್ಣ ಹೇಳುತ್ತಿದ್ದ. “ಇದಪ್ಪ ಬೇಟೆ ಅಂದ್ರೆ.”

ಮೈಕು ಹಾಸಿಗೆಯ ಮೇಲಿತ್ತು. ಎತ್ತಿಕೊಂಡೆ. ಎದ್ದು ನಿಂತೆ, ಯಾಕೆ ನಿಂತೆನೋ ಗೊತ್ತಿಲ್ಲ.

“ಸಂದೇಶಣ್ಣ. ನಾನು ವಿಭಾ.”

“ಓಹೋ! ಮೌನಗೌರಿ ಮಾತಾಡಿದ್ಲು! ಶ್ರೀಶಾ, ಕೇಳಿಸ್ತೇನೋ?”

“ಅಣ್ಣಂಗೆ ಕೈ ಬರ್ತಿಲ್ಲ. ನೆಟ್ ಸರಿ ಇದೆ. ಅವನ ಕೈ... ಒಂದು ವರ್ಷದಿಂದ ಹಿಂಗೇ. ಮುಂದೆ ತೋಳೂ ಹೋಗುತ್ತಂತೆ. ಹೊಸದ್ರಲ್ಲಿ ಹೆಂಗೋ ಆಡ್ತಿದ್ದ. ಸುಲಭ ಸುಲಭ ಅಂದಿದ್ದು ಸುಳ್ಳು. ಅವನಿಗೆ ಸುಲಭ ಇರ್ಲಿಲ್ಲ.”

ನಗು ನಿಂತಿತು. ಶ್ರೀಶಣ್ಣನ ಮನೆಯಲ್ಲಿ ಕುಕ್ಕರ್ ಕೂಗಿದ್ದು ಕೇಳಿಸಿತು, ಅಂದರೆ ಲೈನು ಕಡಿದಿರಲಿಲ್ಲ. ಇಬ್ಬರೂ ಇದ್ದರು.

ನನ್ನ ಬೆನ್ನ ಹಿಂದೆ ನಲ್ಲಿಯ ಸದ್ದೂ ನಿಂತಿತು. ಬಚ್ಚಲಿನ ಬಾಗಿಲು ತೆರೆದದ್ದು ಗೊತ್ತಾಯಿತು. ನಾನು ತಿರುಗಲಿಲ್ಲ. ತಿರುಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

“ಮುಂದಿನ ಭಾನುವಾರ ಹೊಸದೇ ಆಡಿ,” ಎಂದೆ. “ಅಣ್ಣನ್ನ ಕರೀರಿ.”