ಕೊನೆಯ ಸಾಲಿಗೆ ಮುಂಚಿನ ಮೌನ

ಹಾಡುಗಾರ್ತಿಯರ ಅಭಿಮಾನಿಗಳಷ್ಟು ಕೆಲಸವಿಲ್ಲದ ಜನ ಭೂಮಿಯ ಮೇಲೆ ಬೇರೆ ಯಾರೂ ಇಲ್ಲ. ಒಬ್ಬ ಹಾಡುಗಾರ್ತಿಗೆ ಹೆಸರು ತಂದ ಹಾಡಿನ ಮೊದಲ ಡೆಮೊ, ಅಂದರೆ ಮನೆಯಲ್ಲೇ ಹಾಡಿಟ್ಟ ಕಚ್ಚಾ ಟೇಪು, ಯಾವಾಗ ರೆಕಾರ್ಡ್ ಆಯಿತು ಎಂದು ವರ್ಷಗಟ್ಟಲೆ ಕಚ್ಚಾಡಿದರು. ಕೊನೆಗೆ, ಹಳೆಯ ಡೆಮೊಗಳನ್ನು ಹೊಸದಾಗಿ ಮಾರಲು ಹೊರಟ ಕಂಪನಿ ಆ ತಲೆನೋವನ್ನು ನನಗೆ ಗಂಟುಹಾಕಿತು. ಹಳೆಯ ಟೇಪುಗಳನ್ನು ಶುಚಿಮಾಡುವುದು ನನ್ನ ಕಸುಬು.

ಅವಳು ಹೇಳುವ ಕತೆ ಎಲ್ಲರಿಗೂ ಬಾಯಿಪಾಠ. ತಾಯಿ ಸತ್ತ ತಿಂಗಳಿಗೆ, ತಾಯಿ ಮಲಗುತ್ತಿದ್ದ ಕೋಣೆಯ ಪಕ್ಕದಲ್ಲಿ ಕೂತು ಅಳುತ್ತಾ ಹಾಡಿದ್ದಂತೆ. ಆ ಡೆಮೊದಲ್ಲಿ ಕೊನೆಯ ಸಾಲಿಗೆ ಮುಂಚೆ ಹಾಡು ಥಟ್ಟನೆ ನಿಲ್ಲುತ್ತದೆ. ಒಂದು ದೀರ್ಘ ಉಸಿರೆಳೆಯುವಷ್ಟು ಹೊತ್ತು ಏನೂ ಕೇಳಿಸುವುದಿಲ್ಲ, ಆಮೇಲೆ ಮತ್ತೆ ಹಾಡು. ಆ ಮೌನಕ್ಕೇ ಜನ ಹುಚ್ಚರಾದರು. ಅದರ ಬಗ್ಗೆ ವಿಮರ್ಶಕರು ಪುಟಗಟ್ಟಲೆ ಕೊರೆದರು. ಕಾರ್ಯಕ್ರಮಗಳಲ್ಲಿ ಆ ಜಾಗ ಬಂದಾಗ ಮೈದಾನಕ್ಕೆ ಮೈದಾನವೇ ಉಸಿರು ಬಿಗಿಹಿಡಿಯುತ್ತದೆ. ಅವಳಿಗೆ ‘ಮೌನದ ರಾಣಿ’ ಎಂಬ ಅಡ್ಡಹೆಸರು ಬಂದದ್ದೂ ಹಾಗೆಯೇ.

ಕಂಪನಿಯ ಹತ್ತಿರ ಇದ್ದದ್ದು ಅವಳೇ ಮಾಡಿಕೊಟ್ಟ ನಕಲು ಟೇಪು. ಮೂಲವನ್ನು ತಂದುಕೊಟ್ಟವಳು ಅವಳ ಅಕ್ಕ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡಿ ಮಾಡಿ ಅಂಗೈ ಸುಲಿದುಹೋಗಿದ್ದ ಹೆಂಗಸು.

“ಹಳೇ ಮನೆ ಖಾಲಿ ಮಾಡುವಾಗ ಸಿಕ್ತು. ತಾರೀಖು ಕಂಡುಹಿಡೀತೀರಂತೆ. ನನಗೂ ಅದು ಬೇಕು,” ಎಂದಳು.

“ನಿಮಗ್ಯಾಕೆ?”

“ಅಮ್ಮಂಗೆ ಉಬ್ಬಸ. ಒಬ್ಬರನ್ನೇ ಬಿಡೋ ಹಾಗಿರಲಿಲ್ಲ. ಏನು ಬೇಕಾದ್ರೂ ನನ್ನನ್ನೇ ಕೂಗೋರು. ಅವತ್ತು ನನಗೆ ಡ್ಯೂಟಿ. ‘ನೀನು ಹೋಗಕ್ಕಾ, ನಾನಿರ್ತೀನಿ’ ಅಂದ್ಲು ಚಿಕ್ಕೋಳು. ಸಂಜೆ ಬಂದು ನೋಡಿದ್ರೆ ಅಮ್ಮನ ಮೈ ತಣ್ಣಗಾಗಿತ್ತು. ಉಸಿರಿಗೆ ಎಳ್ಕೊಳ್ಳೋ ಪಂಪು ಮಂಚದ ಕೆಳಗೆ ಬಿದ್ದಿತ್ತು. ಇವಳು ರಾತ್ರಿ ಬಂದು, ‘ನಾನು ಬೆಳಿಗ್ಗೆನೇ ಗೆಳತಿ ಮನೆಗೆ ಹೋಗಿದ್ದೆ, ಅಕ್ಕನೇ ಇರ್ತೀನಿ ಅಂದಿದ್ಲು’ ಅಂದ್ಬಿಟ್ಲು. ಅಪ್ಪ ಅವಳ ಮಾತೇ ನಂಬಿದ್ರು. ಅವತ್ತಿಂದ ನನ್ನ ಕೈಯಿಂದ ಒಂದು ಹನಿ ನೀರು ಮುಟ್ಟಿಲ್ಲ. ಈಗ ಡಾಕ್ಟರು ಕೈಚೆಲ್ಲಿದಾರೆ. ಅಪ್ಪ ಕಣ್ಮುಚ್ಚೋದ್ರೊಳಗೆ ಅವಳು ಅವತ್ತು ಎಲ್ಲಿದ್ಲು ಅಂತ ಗೊತ್ತಾಗಬೇಕು.”

ಇಂಥ ರೆಕಾರ್ಡಿಂಗ್ ಹೇಗೆ ನಡೆಯುತ್ತದೆಂದರೆ, ಹಾಡುವವರು ಕಿವಿಗೆ ಹೆಡ್‌ಫೋನ್ ಬಿಗಿದುಕೊಂಡು, ಮೊದಲೇ ನುಡಿಸಿಟ್ಟ ವಾದ್ಯವನ್ನು ಕೇಳುತ್ತಾ ಹಾಡುತ್ತಾರೆ. ಮನೆಗೆ ಬೆಂಕಿ ಬಿದ್ದರೂ ಅವರಿಗೆ ತಿಳಿಯದು. ಮೈಕಿಗೆ ಮಾತ್ರ ಎಲ್ಲವೂ ಕೇಳಿಸುತ್ತದೆ.

ಮೂಲ ಟೇಪಿನಲ್ಲಿ ಅವಳ ದನಿಯ ಹಿಂದೆ, ನಕಲಿನಲ್ಲಿ ಕೇಳಿಸದಷ್ಟು ಸಣ್ಣಗೆ, ಪಕ್ಕದ ಮನೆಯ ರೇಡಿಯೋ ಇತ್ತು. ಫುಟ್‌ಬಾಲ್ ಫೈನಲ್‌ನ ಕಾಮೆಂಟರಿ. ಕೊನೆಯ ಗಳಿಗೆಯಲ್ಲಿ ಗೋಲು, ಕಾಮೆಂಟರಿಯವನ ಕಿರುಚಾಟ, ಬೀದಿಯಲ್ಲಿ ಶಿಳ್ಳೆ, ಪಟಾಕಿ. ರೇಡಿಯೋದವರ ಸಂಗ್ರಹದಿಂದ ಆ ಕಾಮೆಂಟರಿ ತರಿಸಿ ಹೋಲಿಸಿದೆ. ಅಕ್ಷರಕ್ಕೆ ಅಕ್ಷರ ಹೊಂದಿಕೊಂಡಿತು.

“ಅವತ್ತೇ!” ಎಂದಳು ಅಕ್ಕ. “ಮ್ಯಾಚು ಮಧ್ಯಾಹ್ನವೇ ಮುಗಿದಿದ್ರೂ ಸಂಜೆವರೆಗೂ ಬೀದಿ ತುಂಬ ಕುಣೀತಿದ್ರು. ಅವರನ್ನ ತಳ್ಕೊಂಡೇ ನಾನು ಮನೆಗೆ ಬಂದದ್ದು.”

ನಾನು ಹಾಡುವ ದನಿಯನ್ನು ತಗ್ಗಿಸಿ, ಹಿಂದಿನ ಸದ್ದನ್ನು ಮೇಲೆತ್ತಿದೆ. ಪಟಾಕಿ ಅಡಗಿದ ಮೇಲೆ, ಕೊನೆಯ ಸಾಲಿಗೆ ಮುಂಚೆ, ಗೋಡೆಯಾಚೆಯಿಂದ ಒಂದು ಹೆಂಗಸಿನ ದನಿ ಬಂತು.

“ದೊಡ್ಡೋಳೇ... ಪಂಪು ಕೊಡೇ... ದೊಡ್ಡೋಳೇ...”

ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಪಾಪ, ಚಿಕ್ಕವಳಿಗೆ ಕೇಳಿಸಿರಲಿಕ್ಕಿಲ್ಲ ಎಂದು ಆ ಕ್ಷಣ ನನಗೂ ಅನ್ನಿಸಿತು. ಆಮೇಲೆ ಕಂಪನಿಯ ನಕಲನ್ನು ಪಕ್ಕದಲ್ಲಿಟ್ಟು ಓಡಿಸಿದೆ. ಜಗತ್ತು ಕೊಂಡಾಡುವ ಆ ಮೌನ, ತಾಯಿ ಕರೆದ ಜಾಗಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ನಕಲು ಮಾಡುವಾಗ ಅವಳಿಗೆ ಕೇಳಿಸಿದೆ. ಕೇಳಿಸಿದ್ದಕ್ಕೇ ಅಷ್ಟನ್ನು ಅಳಿಸಿದ್ದಾಳೆ. ಅಳಿಸಿ, ಅಕ್ಕನ ತಲೆಗೆ ತಾಯಿಯ ಸಾವನ್ನು ಕಟ್ಟಿ, ಆ ತೂತನ್ನೇ ತೋರಿಸಿ ರಾಣಿಯಾಗಿದ್ದಾಳೆ. ನನಗೆ ಮೈಯೆಲ್ಲ ಉರಿದುಹೋಯಿತು. ನಡೀರಿ ನಿಮ್ಮಪ್ಪನ ಹತ್ತಿರ, ನಾನೇ ಕೇಳಿಸುತ್ತೇನೆ ಎಂದು ಎದ್ದೆ.

ಅಪ್ಪ ಇದ್ದದ್ದು ರಾಣಿಯ ಮನೆಯಲ್ಲೇ. ಬಾಗಿಲು ತೆರೆದವಳೂ ಅವಳೇ. “ಅಕ್ಕಾ, ಎಷ್ಟು ಸೊರಗಿದೀಯೇ!” ಎಂದು ತಬ್ಬಿಕೊಂಡಳು. ಬೆಣ್ಣೆಯಂಥ ಮಾತು. ನನ್ನ ಕೈಯಲ್ಲಿದ್ದ ಟೇಪನ್ನು ಕಂಡಾಗ ಮಾತ್ರ ಆ ಬೆಣ್ಣೆ ಒಂದಿಷ್ಟು ಹೆಪ್ಪುಗಟ್ಟಿತು. ತಡೆಯಲು ಹೋಗಲಿಲ್ಲ. ಅಪ್ಪನ ತಲೆದೆಸೆಯಲ್ಲಿ ಹೋಗಿ ಕೂತಳು.

ಮುದುಕರಿಗೆ ಏಳಲು ಆಗುತ್ತಿರಲಿಲ್ಲ, ಆದರೆ ಕಿವಿ ಚುರುಕಾಗಿತ್ತು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಇದು ನಿಮ್ಮ ಹೆಂಡತಿ ಹೋದ ದಿನದ್ದು, ಚಿಕ್ಕ ಮಗಳು ಮನೆಯಲ್ಲೇ ಇದ್ದರು, ಹೆಡ್‌ಫೋನ್ ಹಾಕಿಕೊಂಡು ಹಾಡುತ್ತಿದ್ದರು ಎಂದೆ. ನನ್ನ ಬಾಯಿಗೆ ಮಣ್ಣು ಬೀಳ! ಆ ಹೆಡ್‌ಫೋನಿನ ಮಾತನ್ನು ನಾನು ಆಡಬಾರದಿತ್ತು.

ಟೇಪು ಹಾಕಿದೆ. ಹೆಂಡತಿಯ ದನಿ ಕೇಳಿದ್ದೇ ಮುದುಕರು ಕೈಯೆತ್ತಿ ನನ್ನನ್ನು ತಡೆದರು.

“ಇನ್ನೊಂದ್ಸಲ.”

ಇನ್ನೊಮ್ಮೆ ಹಾಕಿದೆ. ಆಗ ಅವರು ದೊಡ್ಡ ಮಗಳ ಕಡೆ ತಿರುಗಿದರು. ಅಷ್ಟು ವರ್ಷಗಳ ಮೇಲೆ ಮುಖವೆತ್ತಿ ಅವಳನ್ನು ನೋಡಿದರು. ಆಸೆಯಿಂದ ಅವಳು ಮಂಚದ ಹತ್ತಿರ ಮಂಡಿಯೂರಿದಳು.

“ಯಾರನ್ನೇ ಕರೀತಿದಾಳೆ ಅವಳು? ಹೇಳು, ಯಾರನ್ನ?”

“ಅಪ್ಪಾ...”

“ಸಾಯೋ ಹೊತ್ತಲ್ಲೂ ನಿನ್ನನ್ನೇ ಕರೆದ್ಲು. ಎಲ್ಲಿ ಹಾಳಾಗಿ ಹೋಗಿದ್ದೆ?”

“ನಾನು ಕೆಲಸದಲ್ಲಿದ್ದೆ ಅಪ್ಪಾ. ಹಾಡ್ತಿರೋದು ಯಾರು ಅಂತ ಕೇಳಿಸ್ಕೊಳ್ಳಿ. ಮನೇಲಿದ್ದದ್ದು ಅವಳು!”

“ಕಿವಿ ಮುಚ್ಕೊಂಡು ಹಾಡೋ ಮಗೂಗೆ ಏನ್ ಕೇಳ್ಸುತ್ತೆ? ಇವರೇ ಹೇಳಿದ್ರಲ್ಲ.”

“ಸ್ವಾಮಿ, ಆಮೇಲೆ ಅವರಿಗೆ ಕೇಳಿಸಿದೆ, ಅದನ್ನ ಅಳಿಸಿದಾರೆ,” ಎಂದು ನಾನು ಬಾಯಿ ಹಾಕಿದೆ. ಮುದುಕರು ಕೆಮ್ಮತೊಡಗಿದರು. ಒಂದು ಕೆಮ್ಮಿನ ಬೆನ್ನಿಗೆ ಇನ್ನೊಂದು.

“ಅಪ್ಪಂಗೆ ಸುಸ್ತಾಯ್ತು. ಸಾಕು ಮಾಡಿ,” ಎಂದಳು ಚಿಕ್ಕವಳು ಮೆಲ್ಲಗೆ. ದನಿ ಜೇನಿನ ಹಾಗಿತ್ತು.

ಅಕ್ಕ ಮೇಜಿನ ಮೇಲಿದ್ದ ನೀರಿನ ಲೋಟ ತೆಗೆದು ಅಪ್ಪನ ತುಟಿಗೆ ಹಿಡಿದಳು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದಿದ್ದರೂ ಮುದುಕರು ತುಟಿ ಬಿಗಿದು ಗೋಡೆಯ ಕಡೆ ಮುಖ ತಿರುಗಿಸಿದರು. ನೀರು ದಿಂಬಿನ ಮೇಲೆ ಚೆಲ್ಲಿತು.

ಚಿಕ್ಕವಳು ಅಕ್ಕನ ಕೈಯಿಂದ ಆ ಲೋಟವನ್ನೇ ತೆಗೆದುಕೊಂಡು ಹಿಡಿದಳು. ಅಪ್ಪ ಗಟಗಟನೆ ಕುಡಿದರು.