ಓದಿದಂತೆ ಭಾವಿಸಲಾಯಿತು

ಪುರಸಭೆಯ ನಡಾವಳಿ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ ನೀಲಿ ಹೆಬ್ಬೆಟ್ಟಿನ ಗುರುತು, ಅದರ ಪಕ್ಕದಲ್ಲಿ ಗುಮಾಸ್ತರ ದುಂಡು ಅಕ್ಷರದಲ್ಲಿ 'ಹಾಜರು' ಎಂಬ ಒಂದೇ ಮಾತು. ನಾಲ್ಕು ವರ್ಷದ ಪುಸ್ತಕಗಳಲ್ಲಿ ನಲವತ್ತೆರಡು ಸಭೆಗಳಿದ್ದವು, ಹೆಬ್ಬೆಟ್ಟುಗಳು ನಲವತ್ತೊಂದು. ಒಂದೇ ಒಂದು ಸಭೆಗೆ ಆಕೆ ಬಂದಿರಲಿಲ್ಲ. ಉಳಿದ ನಲವತ್ತೊಂದರಲ್ಲೂ ಬಂದಿದ್ದಳು, ಕೂತಿದ್ದಳು, ಹೋಗಿದ್ದಳು. ಪುಸ್ತಕ ಹೇಳುತ್ತಿದ್ದುದು ಅಷ್ಟೇ.

ಆಗ ನಾನು ರಾಜ್ಯಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಹೆಂಗಸರಿಗೆ ಮೀಸಲಾದ ವಾರ್ಡುಗಳಿಂದ ಗೆದ್ದು ಬಂದವರು ಸಭೆಯಲ್ಲಿ ಎಷ್ಟು ಮಾತಾಡುತ್ತಾರೆ ಎಂಬುದು ನನ್ನ ಪ್ರಶ್ನೆ. ಗೆದ್ದಲು ತಿಂದ ಕಪಾಟುಗಳ ನಡುವೆ ಕೂತು ಪ್ರತಿ ಸಭೆಯ ನಡಾವಳಿಯನ್ನೂ ನಕಲು ಮಾಡಿಕೊಂಡಿದ್ದೆ. ಸದಸ್ಯರ ಹೆಸರಿನ ಮುಂದೆ 'ಕೇಳಿದರು', 'ಸೂಚಿಸಿದರು', 'ವಿರೋಧಿಸಿದರು' ಎಂದು ಬಂದಾಗಲೆಲ್ಲ ಒಂದು ಗೀಟು ಎಳೆಯುವುದು ನನ್ನ ಲೆಕ್ಕದ ಕ್ರಮ. ಒಟ್ಟು ಆರು ಮಂದಿ ಸದಸ್ಯೆಯರು. ಐವರದು ಸೇರಿ ಒಂಬತ್ತು ಗೀಟು. ಏಳನೆಯ ವಾರ್ಡಿನ ಫಕೀರವ್ವನದು ಸೊನ್ನೆ.

ನನ್ನ ಮಾರ್ಗದರ್ಶಕರಾದ ಗುರುಪಾದ ಸರ್ ಆ ಸೊನ್ನೆಯನ್ನು ಕಂಡು ಬಹಳ ಸಂತೋಷಪಟ್ಟರು. ಅದಕ್ಕೆ 'ಮೌನ ಪ್ರಾತಿನಿಧ್ಯ' ಎಂದು ಹೆಸರಿಟ್ಟವರೂ ಅವರೇ. ಒಂದು ವಿಚಾರ ಸಂಕಿರಣದಲ್ಲಿ ನಾವಿಬ್ಬರೂ ಅದರ ಬಗ್ಗೆ ಪ್ರಬಂಧ ಓದಿದಾಗ ಸಭಿಕರು ತಲೆದೂಗಿದರು. ನಾನೂ ಬೀಗಿದೆನೆಂದು ಒಪ್ಪಿಕೊಳ್ಳಲೇಬೇಕು. ಎಂದೂ ಮುಖ ನೋಡದ ಹೆಂಗಸೊಬ್ಬಳ ಮೂಕತನದ ಮೇಲೆ ನಾನು ಒಂದು ಇಡೀ ಅಧ್ಯಾಯ ಕಟ್ಟಿದ್ದೆ.

ಪಿಎಚ್.ಡಿ. ಪ್ರಬಂಧ ಟೈಪಾಗಿ, ರಟ್ಟು ಹಾಕಿಸುವುದಷ್ಟೇ ಬಾಕಿ ಇದ್ದಾಗ, ಸದಸ್ಯೆಯರ ವಯಸ್ಸು, ಕಸುಬು, ಓದು ಇವುಗಳ ಒಂದು ಸಣ್ಣ ಕೋಷ್ಟಕಕ್ಕಾಗಿ ನಾನು ಅವರ ಮನೆಗಳಿಗೆ ಹೋದೆ. ಫಕೀರವ್ವ ಗೋಣಿಚೀಲ ಹೊಲಿಯುವವರ ಓಣಿಯಲ್ಲಿದ್ದಳು. ಹೊಸ್ತಿಲಲ್ಲಿ ಕಾಲು ಚಾಚಿ ಕೂತು, ಹರಿದ ಚೀಲಕ್ಕೆ ದಬ್ಬಣದಿಂದ ಹುರಿ ಪೋಣಿಸುತ್ತಿದ್ದಳು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ನಾನು ಕೇಳಿದ್ದಕ್ಕೆಲ್ಲ ತಲೆ ಎತ್ತದೆ ಉತ್ತರಿಸಿದಳು. ಕೊನೆಗೆ ತಾನೇ ಒಂದು ಪ್ರಶ್ನೆ ಕೇಳಿದಳು.

"ಅಕ್ಕೋರ, ನನ್ನ ಬಗ್ಗೆ ಏನ ಬರದೀರಿ ಅದರಾಗ?"

ನಾನು ತಡವರಿಸಿದೆ. "ಸಭೆಯಲ್ಲಿ ನೀವು ಮಾತಾಡಿದ್ದು ದಾಖಲೆಯಲ್ಲಿ ಎಲ್ಲೂ ಇಲ್ಲ. ಅದಕ್ಕೇ... ನೀವು ಮಾತಾಡೋದಿಲ್ಲ ಅಂತ."

ದಬ್ಬಣ ನಿಂತಿತು. ಆಕೆ ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದಳು.

"ನಾ ಮಾತಾಡಂಗಿಲ್ಲ?" ಅಂದಳು. ಓಣಿಯ ಆಚೆ ಬದಿಯ ಮನೆಯವರು ಇಣುಕುವಷ್ಟು ಜೋರಾಗಿತ್ತು ದನಿ. "ಏ ಶಾಂತವ್ವಾ, ಕೇಳಿದೇನ? ನಾ ಮಾತಾಡಂಗಿಲ್ಲಂತ!"

ಆಚೆ ಮನೆಯ ಶಾಂತವ್ವ ಬಿದ್ದು ಬಿದ್ದು ನಕ್ಕಳು. ಫಕೀರವ್ವ ನಗಲಿಲ್ಲ. "ಆ ಬುಕ್ಕಿನಾಗ ಇದ್ದದ್ದನ್ನ ನಂಗ ಓದಿ ಹೇಳ್ರಿ. ಮೊದಲಿಂದ," ಅಂದಳು.

ಚೀಲದಲ್ಲಿದ್ದ ನನ್ನ ನಕಲು ಪ್ರತಿಗಳನ್ನು ತೆಗೆದು ಓದತೊಡಗಿದೆ. ಎರಡನೆಯ ಸಭೆಗೆ ಬರುವಷ್ಟರಲ್ಲೇ ಆಕೆ ತಡೆದಳು. "ಅವತ್ತ ನಮ್ಮ ಓಣಿ ಗಟಾರದ ಮಾತ ಎತ್ತಿದ್ದೆ. ಇಲ್ಲೇನ ಅದು?" ಇರಲಿಲ್ಲ. ಐದನೆಯದರಲ್ಲಿ ನೀರಿನ ಟ್ಯಾಂಕಿನ ಮುಚ್ಚಳ, ಒಂಬತ್ತನೆಯದರಲ್ಲಿ ದವಾಖಾನೆಯ ನರ್ಸಮ್ಮನ ಗೈರುಹಾಜರಿ. ಓದಲು ಬರೆಯಲು ಬಾರದ ಆಕೆಗೆ ಪ್ರತಿ ಸಭೆಯಲ್ಲಿ ಯಾರು ಎಲ್ಲಿ ಕೂತಿದ್ದರು, ತಾನು ಏನು ಹೇಳಿದೆ, ಯಾರು ಆಕಳಿಸಿದರು ಎಂಬುದೆಲ್ಲ ನೆನಪಿತ್ತು. ನನಗೆ ಇನ್ನೂ ಅನುಮಾನವಿತ್ತು. ತಮ್ಮ ಬಗ್ಗೆ ಜನ ಹೇಳಿಕೊಳ್ಳುವುದನ್ನೆಲ್ಲ ನಂಬಬಾರದೆಂಬುದು ನಾನು ಕಲಿತ ಪಾಠಗಳಲ್ಲಿ ಒಂದು.

ಹದಿನಾಲ್ಕನೆಯ ಸಭೆಯ ಪುಟದಲ್ಲಿ ಹೀಗಿತ್ತು: 'ಸಂತೆಪೇಟೆಯ ಮಹಿಳಾ ಶೌಚಾಲಯದ ಬಾಗಿಲುಗಳಿಗೆ ಒಳಗಿನಿಂದ ಚಿಲಕ ಹಾಕಿಸಲು ಮಾನ್ಯ ಅಧ್ಯಕ್ಷರು ಸೂಚಿಸಿದರು.'

ಅದನ್ನು ಓದಿದವಳು ಅದೇ ಸಾಲನ್ನು ಇನ್ನೊಮ್ಮೆ ಓದಿದೆ. ಹಿಂದೆ ನಕಲು ಮಾಡುವಾಗ ಆ ಸಾಲಿಗೆ ಅಧ್ಯಕ್ಷರ ಹೆಸರಿನ ಮುಂದೆ ಒಂದು ಗೀಟು ಎಳೆದು ಮುಂದೆ ಹೋಗಿದ್ದೆ. ಅಲ್ಲಿ ಚಿಲಕ ಇಲ್ಲವೆಂಬುದು ಆ ಮನುಷ್ಯನಿಗೆ ಹೇಗೆ ಗೊತ್ತಾಗಬೇಕು?

"ಒಬ್ಬಾಕಿ ಒಳಗ ಹೋದ್ರ ಇನ್ನೊಬ್ಬಾಕಿ ಹೊರಗ ಬಾಗಲಾ ಹಿಡಕೊಂಡ ನಿಂದ್ರಬೇಕ್ರಿ ಅಂತ ಹೇಳಿನಿ ನಾ," ಅಂದಳು ಫಕೀರವ್ವ. "ಎಲ್ಲಾರೂ ನಕ್ಕಿದ್ರು. ತಿಂಗಳೊಪ್ಪತ್ತಿನಾಗ ಚಿಲಕ ಬಂತು. ಯಾರ ಹೆಸರಿನ ಮ್ಯಾಲೆ ಬಂತು ಅಂತ ಇವತ್ತ ಗೊತ್ತಾತು ನೋಡ್ರಿ."

ಮರುದಿನ ಮಂಗಳವಾರ ಸಭೆಯಿತ್ತು. ಬಂದು ಕಣ್ಣಾರೆ ನೋಡಿ ಅಂದಳು. ಸಾರ್ವಜನಿಕರಿಗೆಂದು ಗೋಡೆಗೆ ಒತ್ತಿ ಹಾಕಿದ್ದ ಬೆಂಚಿನ ಮೇಲೆ ನಾನು ಕೂತೆ. ಮೂರು ವರ್ಷದ ಸಂಶೋಧನೆಯಲ್ಲಿ ನಾನು ನೋಡಿದ ಮೊದಲ ಸಭೆ ಅದು. ಅಧ್ಯಕ್ಷರು ಮಾತಾಡಿದಾಗ ಗುಮಾಸ್ತ ಕುಬೇರಪ್ಪನವರ ಪೆನ್ನು ಓಡುತ್ತಿತ್ತು. ಫಕೀರವ್ವ ಎದ್ದು ನಿಂತಳು. ಕುಬೇರಪ್ಪನವರು ಪೆನ್ನಿಗೆ ಟೋಪಿ ಹಾಕಿ ಮೇಜಿನ ಮೇಲಿಟ್ಟು, ಕನ್ನಡಕ ಒರೆಸಿಕೊಂಡರು. ಅದರಲ್ಲಿ ದ್ವೇಷವಿರಲಿಲ್ಲ, ಇಷ್ಟು ವರ್ಷದ ರೂಢಿ ಇತ್ತು, ಅಷ್ಟೇ. ಆಕೆ ಕೂತ ಮೇಲೆ ಟೋಪಿ ತೆಗೆದರು.

ಅಂದು ಸಂಜೆ ಗುರುಪಾದ ಸರ್ ಮನೆಗೆ ಹೋಗಿ ನಾನು ಕಂಡದ್ದನ್ನೆಲ್ಲ ಹೇಳಿದೆ. ಅವರು ಸಾವಧಾನವಾಗಿ ಕೇಳಿದರು.

"ನೋಡು, ನಾವು ಅಧ್ಯಯನ ಮಾಡಿದ್ದು ದಾಖಲೆಯನ್ನ. ದಾಖಲೆಯಲ್ಲಿ ಆಕೆ ಮೌನ. ಅದು ಸುಳ್ಳಲ್ಲವಲ್ಲ?"

"ದಾಖಲೆ ಸುಳ್ಳು ಹೇಳಿದೆ ಸರ್. ನಾವು ಅದಕ್ಕೆ ಅಡಿಟಿಪ್ಪಣಿ ಹಾಕಿದ್ದೀವಿ."

"ಒಬ್ಬ ಅನಕ್ಷರಸ್ಥೆಯ ನೆನಪನ್ನ ನಂಬಿ ಮೂರು ವರ್ಷದ ಕೆಲಸ ಕೆಡವ್ತೀಯಾ? ಗಡುವಿಗೆ ಇನ್ನು ಹನ್ನೊಂದು ದಿನ ಇದೆ. ಈ ಅಧ್ಯಾಯ ಇಲ್ಲದ ಪ್ರಬಂಧಕ್ಕೆ ನಾನು ಸಹಿ ಹಾಕೋದಿಲ್ಲ."

"ಈ ಅಧ್ಯಾಯ ಇರೋ ಪ್ರಬಂಧಕ್ಕೆ ನಾನು ಹಾಕೋದಿಲ್ಲ ಸರ್," ಅಂದೆ. ಬಾಯಿಂದ ಹೊರಟ ಮಾತನ್ನು ಹಿಂದೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಹನ್ನೊಂದು ದಿನಗಳು ಕಳೆದವು. ನನ್ನ ವಿದ್ಯಾರ್ಥಿವೇತನ ನಿಂತಿತು.

ಆ ಬಿಡುವಿನಲ್ಲಿ ನಡಾವಳಿಗಳನ್ನು ಮತ್ತೆ ಮೊದಲಿನಿಂದ ಓದಿದೆ. ಪ್ರತಿ ಸಭೆಯ ತಲೆಯಲ್ಲೂ ಒಂದೇ ಸಾಲಿತ್ತು: 'ಹಿಂದಿನ ಸಭೆಯ ನಡಾವಳಿಯನ್ನು ಓದಿದಂತೆ ಭಾವಿಸಲಾಯಿತು.' ಶಿಷ್ಟಾಚಾರವೆಂದು ನಲವತ್ತೆರಡು ಸಲವೂ ಹಾರಿಸಿದ್ದ ಸಾಲು ಅದು. ನಿಯಮದ ಪುಸ್ತಕ ತೆಗೆದು ನೋಡಿದರೆ, ಸದಸ್ಯರೊಬ್ಬರು ಕೇಳಿದರೂ ಸಾಕು, ಓದಿ ಹೇಳಬೇಕೆಂದಿತ್ತು. ಯಾರೂ ಕೇಳಿರಲಿಲ್ಲ. ನಾನು ಗೋಣಿ ಓಣಿಗೆ ಹೋಗಿ ಅದನ್ನು ಫಕೀರವ್ವನಿಗೆ ಹೇಳಿದೆ. "ಹಂಗಾದ್ರ ಕೇಳೂಣು," ಅಂದಳು ಆಕೆ. ಅಂದಿನಿಂದ ಮುಂದಿನ ಸಭೆಯವರೆಗೆ ಉಳಿದ ಐವರು ಸದಸ್ಯೆಯರ ಮನೆಗೂ ನಡೆದುಕೊಂಡು ಹೋಗಿ ಬಂದಳಂತೆ.

ಆ ಸಭೆಗೆ ಹದಿನೇಳು ಸದಸ್ಯರಲ್ಲಿ ಹನ್ನೊಂದು ಮಂದಿ ಬಂದಿದ್ದರು. ಅವರಲ್ಲಿ ಆರು ಜನ ಹೆಂಗಸರು. ಹಾಜರಿಗೆಂದು ನಡಾವಳಿ ಪುಸ್ತಕ ಸುತ್ತು ಬಂತು. ಶಾಯಿಯ ಡಬ್ಬಿ ಮುಂದೆ ಬಂದಾಗ ಫಕೀರವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಮೊದಲ ಹೋದ ತಿಂಗಳದ್ದ ಓದ್ರಿ."

ಅಧ್ಯಕ್ಷರು ನಕ್ಕರು. "ಫಕೀರವ್ವ, ಅದನ್ನ ಓದಿದಂಗ ಅಂತ ತಿಳಕೊಂಡ ಮುಂದ ಹೋಗೋದ ಪದ್ಧತಿ."

"ಹೌದ್ರಿ? ಹಂಗಾದ್ರ ನಾನೂ ಬಂದಂಗ ಅಂತ ತಿಳಕೋರಿ. ಹೆಬ್ಬೆಟ್ಟ ಯಾಕ ಬೇಕು?"

ಪಕ್ಕದಲ್ಲಿದ್ದ ಸದಸ್ಯೆ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟಳು. ಆಮೇಲೆ ಅವಳ ಆಚೆಯವಳು. ಆರು ಹೆಸರುಗಳ ಮುಂದೆ ಖಾಲಿ ಉಳಿಯಿತು. ಐವರು ಗಂಡಸರ ಸಹಿಯಿಂದ ಕೋರಂ ಆಗದೆ ಸಭೆ ನಡೆಸುವಂತಿರಲಿಲ್ಲ. ಅಂದು ಮಂಜೂರಾಗಲೇಬೇಕಾದ ಗುತ್ತಿಗೆಯೊಂದಕ್ಕಾಗಿ ಅಧ್ಯಕ್ಷರಿಗೆ ಸಭೆ ಬೇಕಿತ್ತು. ಅವರು ಗದರಿದರು, ಸಮಾಧಾನದ ಮಾತಾಡಿದರು, ಇಷ್ಟೆಲ್ಲ ಹೇಳಿಕೊಟ್ಟವರು ಯಾರೆಂದು ನನ್ನ ಬೆಂಚಿನ ಕಡೆ ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ. ಅರ್ಧ ತಾಸಿನ ಮೇಲೆ ಕುಬೇರಪ್ಪನವರು ಗಂಟಲು ಸರಿಮಾಡಿಕೊಂಡು ಓದಿದರು. ಎರಡು ಪುಟ ಮುಗಿದವು.

"ಇದರಾಗ ನಾ ಎಲ್ಲದೀನಿ?" ಅಂದಳು ಫಕೀರವ್ವ.

ಕುಬೇರಪ್ಪನವರು ಪುಟವನ್ನು ಮತ್ತೆ ಹಿಂದಕ್ಕೆ ತಿರುವಿದರು.

"ಬರಕೋರಿ. ಏಳನೇ ವಾರ್ಡಿನ ಫಕೀರವ್ವ ಎದ್ದ ನಿಂತು ಹೇಳಿದ್ದು."

ಆಕೆ ಹಿಂದಿನ ತಿಂಗಳು ಆಡಿದ್ದನ್ನು ಒಂದಕ್ಷರ ಬಿಡದೆ ಮತ್ತೆ ಹೇಳಿದಳು. ನಾನು ಅಂದು ಬೆಂಚಿನ ಮೇಲೆ ಬರೆದುಕೊಂಡಿದ್ದ ಚೀಟಿಯನ್ನು ತೆರೆದು ಹೋಲಿಸುತ್ತ ಹೋದೆ, ಎಲ್ಲೂ ತಪ್ಪಲಿಲ್ಲ. ನಡುವೆ ಕುಬೇರಪ್ಪನವರು ತಲೆ ಎತ್ತಿ, "ಸ್ವಲ್ಪ ಸಾವಕಾಶ ಹೇಳ್ರಿ ಯವ್ವಾ, ಕೈ ಸಾಲವಲ್ದು," ಅಂದರು. ಆಕೆ ಸಾವಕಾಶ ಮಾಡಲಿಲ್ಲ.

ಎಲ್ಲವೂ ನೆಟ್ಟಗಾಯಿತೆಂದು ನಾನು ಹೇಳಲಾರೆ. ಮುಂದಿನ ಚುನಾವಣೆಯಲ್ಲಿ ಆ ವಾರ್ಡಿನ ಮೀಸಲಾತಿ ಬದಲಾಯಿತು. ಫಕೀರವ್ವ ಸಾಮಾನ್ಯ ಸ್ಥಾನಕ್ಕೆ ನಿಂತು ಮೂವತ್ತೊಂದು ಮತಗಳಿಂದ ಸೋತಳು. ಗುರುಪಾದ ಸರ್ ನನ್ನೊಡನೆ ಮತ್ತೆ ಮಾತಾಡಲಿಲ್ಲ. ನಾನು ಒಂದು ಶಾಲೆಯಲ್ಲಿ ಪಾಠ ಹೇಳುತ್ತ, ಬೇರೊಬ್ಬರ ಕೈಕೆಳಗೆ ಇನ್ನೂ ಮೂರು ವರ್ಷ ದುಡಿದು, ಬೇರೆಯೇ ಪ್ರಬಂಧ ಬರೆದೆ. ಮೌನ ಯಾರದೆಂದು ನಿರ್ಧರಿಸುವುದು ಪೆನ್ನು ಹಿಡಿದವರು ಎಂಬುದು ಅದರ ಸಾರ. ಪೆನ್ನು ಹಿಡಿದವರಲ್ಲಿ ನನ್ನನ್ನೂ ಸೇರಿಸಿದ್ದೆ. ಮೌಖಿಕ ಪರೀಕ್ಷೆಯಲ್ಲಿ ಹಿರಿಯರೊಬ್ಬರು, "ಹಾಗಾದರೆ ಆಕೆ ಒಟ್ಟು ಎಷ್ಟು ಸಲ ಮಾತಾಡಿದರು?" ಎಂದು ಕೇಳಿದಾಗ, "ಗೊತ್ತಿಲ್ಲ ಸರ್, ಯಾರಿಗೂ ಗೊತ್ತಾಗದಂತೆ ಮಾಡಿದ್ದಾರೆ," ಅಂದೆ. ಪದವಿ ಸಿಕ್ಕಿತು.

ರಟ್ಟು ಹಾಕಿದ ಪ್ರತಿಯನ್ನು ಹಿಡಿದು ನಾನು ಮತ್ತೆ ಆಕೆಯ ಮನೆಗೆ ಹೋದೆ. ಫಕೀರವ್ವ ಅದನ್ನು ಕೈಯಲ್ಲಿ ತೂಗಿ ನೋಡಿ, ನನಗೇ ಹಿಂದಿರುಗಿಸಿದಳು. "ಓದ್ರಿ," ಅಂದಳು. ಹೊಸ್ತಿಲ ಈಚೆ ಕೂತು ಆಕೆಯ ಅಧ್ಯಾಯವನ್ನು ಓದಿದೆ. ನಾಲ್ಕನೆಯ ಪುಟದಲ್ಲಿ ಆಕೆ ಕೈ ಎತ್ತಿದಳು.

"ಅದಲ್ಲ ಅಕ್ಕೋರ. ನಾ ಹಂಗಂದಿಲ್ಲ."

ಚಿನ್ನದ ಬಣ್ಣದಲ್ಲಿ ನನ್ನ ಹೆಸರು ಅಚ್ಚಾಗಿದ್ದ ಆ ಪುಸ್ತಕವನ್ನು ಮೊಣಕಾಲ ಮೇಲೆ ಬಿಡಿಸಿಟ್ಟುಕೊಂಡು, ಅಂಚಿನ ಬಿಳಿ ಜಾಗದಲ್ಲಿ ಆಕೆ ಹೇಳಿದಂತೆ ಬರೆದುಕೊಳ್ಳತೊಡಗಿದೆ. ಜಾಗ ಸಾಲದೆ ಸಾಲುಗಳು ಪುಟದ ಸುತ್ತ ತಿರುಗಿಕೊಂಡು ಹೋದವು.